ಪೋಕರ್ ಟೇಬಲ್ಲಿನಲ್ಲಿ ಆಡಿದ ಕನ್ನಡ

ಫೋನಿನಲ್ಲಿ ಪೋಕರ್ ಆಡುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅಮೆರಿಕದ ಡೆಟ್ರಾಯಿಟ್ ಹತ್ತಿರದ ನೋವೈ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದನ್ನು ಕಾಯುತ್ತಾ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು, ಎಲ್ಲೆಲ್ಲೋ ಕೂತಿರುವ ಮುಖವಿಲ್ಲದ ಜನರನ್ನು ಬಾಯಿಗೆ ಬಂದಂತೆ ಬೈಯುತ್ತೇನೆ. "ಹಾಕೋ ಹಾಕು, ಮುಠ್ಠಾಳ! ನಿನ್ ಕೈಲಿ ಏನೂ ಇಲ್ಲ ಅಂತ ನಂಗೊತ್ತಿಲ್ವಾ?" ಮಗಳು ಹೋಂವರ್ಕಿನಿಂದ ತಲೆ ಎತ್ತದೆ, "ಅಮ್ಮಾ, ದೇ ಕಾಂಟ್ ಹಿಯರ್ ಯೂ" ಅನ್ನುತ್ತಾಳೆ. ಅದೇ ತಾನೇ ಅದರ ಸುಖ!

ಆಡೋದೂ ಚೆನ್ನಾಗೇ ಆಡುತ್ತೇನೆ. ಆನ್‌ಲೈನಿನಲ್ಲಿ ಎಲೆಗಳು ಬೇಗ ಬೇಗ ಬೀಳುತ್ತವೆ, ಒಂದು ಆಟ ಕೆಟ್ಟರೆ ಬಿಟ್ಟು ಇನ್ನೊಂದಕ್ಕೆ ಹೋದರಾಯಿತು. ನೋಡಬೇಕಾದ್ದು ಎಲೆ ಮಾತ್ರ. ಗೆದ್ದೂ ಗೆದ್ದೂ ಜಂಬದ ಕೋಳಿಯಾದೆ. ಡೆಟ್ರಾಯಿಟ್‌ನ ಕ್ಯಾಸಿನೊಗೆ ಹೋಗಿ ನಿಜವಾದ ಟೇಬಲ್ಲಿನಲ್ಲಿ ಆಡಿ ಬರ್ತೀನಿ ಅಂತ ಒಂದು ಶನಿವಾರ ಮಧ್ಯಾಹ್ನ ಹೊರಟೆ. "ಹೋಗಿ ಬಾರಮ್ಮ, ನಿನ್ ಮನಸ್ಸಲ್ಲಿ ಇರೋದೆಲ್ಲ ಮುಖದ ಮೇಲಿರತ್ತೆ, ಅಲ್ಲಿ ಗೊತ್ತಾಗತ್ತೆ" ಅಂತ ನಮ್ಮನೆಯವರು ನಕ್ಕರು.

ಅಲ್ಲಿ ಎಲ್ಲವೂ ನಿಧಾನ. ಒಂದು ಆಟ ಮುಗಿಯೋದರೊಳಗೆ ಮನೆಯಲ್ಲಾದರೆ ಸಾರು ಕುದಿದಿರುತ್ತಿತ್ತು. ಜನ ಕೆಮ್ಮುತ್ತಾರೆ, ಹಣದ ಬದಲು ಇಡುವ ಚಿಪ್ಸ್ ಬಿಲ್ಲೆಗಳನ್ನು ಬೆರಳಲ್ಲಿ ಆಡಿಸುತ್ತಾರೆ, ನಿಮ್ಮನ್ನು ದಿಟ್ಟಿಸಿ ನೋಡುತ್ತಾರೆ. ಕಣ್ಣು ಎಲ್ಲಿಡಬೇಕೋ ತಿಳಿಯದೆ ತಲೆ ಎತ್ತಿದರೆ ಎದುರಿಗೆ ನಮ್ಮ ಪಕ್ಕದೂರು ಫಾರ್ಮಿಂಗ್ಟನ್ ಹಿಲ್ಸ್‌ನ ಅಂಕಲ್!

ಅವರು ಧಾರವಾಡದ ಕಡೆಯವರು, ರಿಟೈರಾದ ಮಕ್ಕಳ ಡಾಕ್ಟರು. ಆಂಟಿ ತೀರಿಕೊಂಡ ಮೇಲೆ ನಾವು ಇಲ್ಲಿನ ಕನ್ನಡದ ಹೆಂಗಸರೆಲ್ಲ ಸರದಿಯ ಮೇಲೆ ಅವರಿಗೆ ಊಟ ಕಳಿಸುತ್ತಿದ್ದೆವು. ದೇವಸ್ಥಾನದಲ್ಲಿ ಸಿಕ್ಕಾಗ ದನಿ ತಗ್ಗಿಸಿ "ಊಟ ಆಯ್ತಾ ಅಂಕಲ್?" ಎಂದು ಕೇಳುತ್ತಿದ್ದೆವು. ಅವರು ತಲೆಯಾಡಿಸಿ ಹೊರಟುಬಿಡುತ್ತಿದ್ದರು. ಇಲ್ಲಿ ನೋಡಿದರೆ ಬೇರೆಯೇ ಮನುಷ್ಯ! ಪಕ್ಕದ ಲಾರಿ ಡ್ರೈವರ್ ಅವರನ್ನು "ಡಾಕ್" ಎಂದು ಕರೆದು ಕಾಲೆಳೆಯುತ್ತಿದ್ದ, ಇವರು ಎರಡರಷ್ಟು ಎಳೆಯುತ್ತಿದ್ದರು.

"ಏನವಾ, ನೀನೂ ಆಡತಿಯೇನು? ಭೇಷ್! ನಾ ಪ್ರತಿ ಶನಿವಾರ ಇಲ್ಲೇ ಇರತೀನಿ" ಅಂದರು. "ಆದ್ರ ಎಲಿ ಹಂಚಿದ ಮ್ಯಾಲ ಕನ್ನಡ ಬ್ಯಾಡ. ಇಂಗ್ಲಿಷ್ ಅಷ್ಟ. ಇಲ್ಲಾಂದ್ರ ಇಬ್ಬರೂ ಕೂಡಿ ಮೋಸ ಮಾಡಾಕತ್ತಾರ ಅಂತ ತಿಳೀತಾರ."

ಸರಿ ಅಂಕಲ್ ಅಂದೆ. ಅಂದವಳು ನೆನಪಿಟ್ಟುಕೊಂಡೆನಾ?

ಸ್ವಲ್ಪ ಹೊತ್ತಿಗೆ ನನ್ನ ಕೈಗೆ ಎರಡು ಎಕ್ಕ ಬಂದವು. ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳಲ್ಲಿ ಇನ್ನೊಂದು ಎಕ್ಕ ಬಿತ್ತು. ಮೂರು ಎಕ್ಕ! ಉಳಿದವರು ಎಲೆ ಬಿಟ್ಟರು, ನಾನು ಮತ್ತು ಅಂಕಲ್ ಉಳಿದೆವು. ಅವರು ಎರಡೂ ಅಂಗೈಯನ್ನು ತಮ್ಮ ಚಿಪ್ಸಿನ ರಾಶಿಯ ಹಿಂದಿಟ್ಟು ಅಷ್ಟನ್ನೂ ಮುಂದಕ್ಕೆ ತಳ್ಳಲು ಅಣಿಯಾದರು. ಆ ಕೈ ಸಣ್ಣಗೆ ನಡುಗುತ್ತಿತ್ತು, ಉಂಗುರ ಬೆರಳಿಗೆ ಸಡಿಲವಾಗಿತ್ತು. ಅಯ್ಯೋ ಪಾಪ ಅನ್ನಿಸಿತು. ಫೋನಿನಲ್ಲಿ ನನಗೆ ಯಾವತ್ತೂ ಯಾರ ಬಗ್ಗೆಯೂ ಪಾಪ ಅನ್ನಿಸಿದ್ದಿಲ್ಲ. ಅಡುಗೆಮನೆಯ ನಾಲಿಗೆ ತಾನಾಗಿ ಹೊರಳಿತು: "ಅಯ್ಯೋ ಬೇಡ ಅಂಕಲ್, ಹಾಕ್ಬೇಡಿ, ಸೋತ್ಹೋಗ್ತೀರ!"

ಎಲೆ ಹಂಚುತ್ತಿದ್ದ ಹುಡುಗಿ ತಟ್ಟನೆ ಕೈ ಎತ್ತಿ ಆಟ ನಿಲ್ಲಿಸಿದಳು. ಲಾರಿ ಡ್ರೈವರ್ ನನ್ನನ್ನೂ ಅಂಕಲ್ಲನ್ನೂ ನೋಡಿ, ಇವರಿಬ್ಬರೂ ಜೊತೆಗಾರರು ಅಂತ ಗಟ್ಟಿಯಾಗಿ ಹೇಳಿದ. ಸೂಟು ಹಾಕಿದ ಸೂಪರ್‌ವೈಸರ್ ಬಂದು, ಏನು ಹೇಳಿದಿರಿ ಎಂದು ನನ್ನನ್ನೇ ಕೇಳಿದ. ಸುತ್ತಲಿನ ಟೇಬಲ್ಲಿನವರೂ ತಿರುಗಿ ನೋಡುತ್ತಿದ್ದರು. "ಐ ಜಸ್ಟ್ ಸೆಡ್ ಹಲೋ" ಅಂದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಅಂಕಲ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಶಾಂತವಾಗಿ ಇಂಗ್ಲಿಷಿನಲ್ಲಿ, ಈಕೆ ಇವತ್ತೇ ಮೊದಲು ಬಂದವಳು, ನಿನ್ನ ಕೈಯಲ್ಲೇನಿದೆ ಅಂತ ನಮ್ಮ ಭಾಷೆಯಲ್ಲಿ ಮೆಲ್ಲಗೆ ಕೇಳಿದವನು ನಾನು, ತಪ್ಪು ನನ್ನದು ಅಂದರು.

ಆ ಆಟ ರದ್ದಾಯಿತು. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅಂಕಲ್‌ಗೆ ಮಾತ್ರ ಇನ್ನು ಮೇಲೆ ಇಲ್ಲಿ ಆಡಲು ಬರಬೇಡಿ ಅಂದರು. ಅವರು ತಮ್ಮ ಎಲೆಗಳನ್ನು ಯಾರಿಗೂ ತೋರಿಸದೆ ಬೋರಲಾಗಿಯೇ ಬಿಟ್ಟು ಎದ್ದರು. ಲಾರಿ ಡ್ರೈವರ್ ಬೇರೆ ಕಡೆ ನೋಡುತ್ತಿದ್ದ. 'ಅವರಲ್ಲ, ನಾನು' ಎಂದಿದ್ದರೆ ಸಾಕಿತ್ತು. ಮನೆಯಲ್ಲಿ ಹರಳು ಹುರಿದಂತೆ ಮಾತಾಡುವ ಬಾಯಿ ಅಲ್ಲಿ ತೆರೆಯಲೇ ಇಲ್ಲ.

ಪಾರ್ಕಿಂಗಿನಲ್ಲಿ ಓಡಿಹೋಗಿ ಕ್ಷಮಿಸಿ ಅಂಕಲ್ ಅಂದೆ. "ಹೋಗ್ಲಿ ಬಿಡವಾ. ಸಂಸಾರಸ್ಥಿ ನೀ, ನಿನ್ನ ಹೆಸರಿಗೆ ಕೆಟ್ಟ ಮಾತು ಬ್ಯಾಡ" ಎಂದು ಕಾರು ಹತ್ತಿದರು.

ಆಮೇಲಿನ ಶನಿವಾರಗಳಲ್ಲಿ ಅವರು ಏನು ಮಾಡುತ್ತಿರಬಹುದು ಎನ್ನುವುದೇ ನನ್ನ ತಲೆ ತಿನ್ನತೊಡಗಿತು. ಫೋನಿನಲ್ಲಿ ಆಡಲು ಕೂತರೂ ಆ ಸಡಿಲ ಉಂಗುರವೇ ಕಾಣುತ್ತಿತ್ತು. ಕೊನೆಗೆ ಫೋನ್ ಮಾಡಿ, ಶನಿವಾರ ನಮ್ಮನೆಯಲ್ಲೇ ಪೋಕರ್ ಆಡೋಣ ಬನ್ನಿ ಅಂದೆ. ಅವರು ಬರುವ ಮುಂಚೆ ಗಂಡನಿಗೂ ಮಗಳಿಗೂ ಹೇಳಿಟ್ಟೆ: ಅಂಕಲ್ ಗೆಲ್ಲಲಿ, ಪಾಪ.

ಚಿಪ್ಸಿನ ಬದಲು ಕಡಲೆಕಾಯಿ ಬೀಜ ಇಟ್ಟುಕೊಂಡು ಆಡಿದೆವು. ಅಂಕಲ್ ಗೆದ್ದರು. ಮತ್ತೆ ಗೆದ್ದರು. ನಾನು ಎರಡು ರಾಜ ಹಿಡಿದಿದ್ದವಳು ಎಲೆ ಬೋರಲು ಹಾಕಿ "ನನ್ನತ್ರ ಏನಿಲ್ಲಪ್ಪ" ಅಂದೆ. ಅವರು ಬೀಜದ ರಾಶಿಗೆ ಕೈ ಹಾಕಲಿಲ್ಲ.

"ಅವತ್ತ ನನ್ನ ಕೈಯಾಗ ಏನಿತ್ತು ಗೊತ್ತೇನವಾ?" ಎಂದು ಕೇಳಿದರು. "ಟೇಬಲ್ ಮ್ಯಾಲ ಮೂರು ಆಟಿನ್ ಬಿದ್ದಿದ್ವು. ಕೈಯಾಗ ಎರಡು. ಒಂದೇ ಜಾತಿ ಐದು ಎಲಿ, ಮೂರು ಎಕ್ಕಕ್ಕಿಂತ ದೊಡ್ಡದು. ನಿನ್ನ ಮೂರು ಎಕ್ಕ ನಿನ್ನ ಮಾರಿ ಮ್ಯಾಲ ಬರದಿತ್ತು, ನೋಡೇ ಹಾಕಾಕ ಹೊಂಟಿದ್ದೆ. ಗೆಲ್ಲಾಂವ ನಾನ ಇದ್ದೆ."

ಆ ಮೂರು ಕೆಂಪು ಎಲೆ ನನ್ನ ಮೂಗಿನ ಕೆಳಗೇ ಇದ್ದವು. ಫೋನಿನಲ್ಲಾಗಿದ್ದರೆ ಕಣ್ಣು ಮುಚ್ಚಿಯೂ ಕಾಣುತ್ತಿದ್ದವು. ಅವತ್ತು ನಾನು ನೋಡುತ್ತಿದ್ದುದು ಅವರ ನಡುಗುವ ಕೈಯನ್ನು.

ಅಂಕಲ್ ಬೀಜವನ್ನೆಲ್ಲ ಮೆಲ್ಲಗೆ ಡಬ್ಬಿಗೆ ತುಂಬಿದರು. "ಅಲ್ಲಿ ಯಾರೂ ನನಗ ಬೇಕಂತ ಸೋಲತಿರಲಿಲ್ಲವಾ" ಅಂದರು.

ಮುಖ ಎತ್ತಲು ನನಗೆ ಆಗಲಿಲ್ಲ. "ಊಟಕ್ಕೆ ಏಳಿ ಅಂಕಲ್" ಎಂದೆ.