ಮಡಚಿ ಕೂತ ಕಾಲು

ಕೂತು ಮಾಡುವ ಕೆಲಸ, ನಿಮಗೆಂತ ಆಯಾಸ ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಶಂಕರಪುರದ ನಮ್ಮ ಮನೆಯಲ್ಲಿ ಬೆಳಕು ಹರಿಯುವಾಗ ಮಲ್ಲಿಗೆ ಮೊಗ್ಗು ಕೊಯ್ದು ತಂದರೆ, ಹೂವಿನ ರಿಕ್ಷಾ ಬರುವವರೆಗೆ ಅತ್ತೆಯೂ ನಾನೂ ನೆಲ ಬಿಟ್ಟು ಏಳುವಂತಿರಲಿಲ್ಲ. ದೇವರ ಮುಡಿಗೇರುವ ಹೂವನ್ನು ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕಟ್ಟಬಾರದು ಎಂಬುದು ಅತ್ತೆಯ ಕಟ್ಟಳೆ. ಚಾಪೆಯ ಮೇಲೆ ಕಾಲಿನ ಮೇಲೆ ಕಾಲು ಮಡಚಿ, ಮಡಿಲಲ್ಲಿ ತಟ್ಟೆ, ಬೆರಳಲ್ಲಿ ಬಾಳೆನಾರು. ಜೋಮು ಹಿಡಿದರೂ ಕಾಲು ಚಾಚುವುದಿಲ್ಲ, ಮೊಗ್ಗು ಕಾಯುವುದಿಲ್ಲವಲ್ಲ. ಕೊನೆಗೆ ಏನೂ ತಿಳಿಯದಂತಾದರೆ ಅದೇ ನಮಗೆ ಸುಖ. ಕಾಲು ಪಳಗಿತು ಎನ್ನುತ್ತಿದ್ದೆವು.

ಹೋದ ವರ್ಷ ಮದುವೆಗಳ ಸಮಯ. ಒಂದು ದಿನ ಹೂ ಕಟ್ಟಿ ಎದ್ದರೆ ನನ್ನ ಬಲಪಾದ ಮೇಲೇಳಲಿಲ್ಲ. ಹೊಸ್ತಿಲಿಗೆ ಎಡವಿದೆ. ಚಪ್ಪಲಿ ಜಾರಿ ಅಂಗಳದಲ್ಲೇ ಉಳಿದದ್ದೂ ಗೊತ್ತಾಗಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರು ಹೊಯ್ದದ್ದಾಯಿತು. ಇನ್ನು ನಡೆಯುವುದೇ ಇಲ್ಲವೇನೋ ಎಂಬ ಹೆದರಿಕೆಯಲ್ಲಿ ಕಟಪಾಡಿಯಿಂದ ಬಸ್ಸು ಹತ್ತಿ ಮಣಿಪಾಲಕ್ಕೆ ಹೋದೆ.

ಡಾಕ್ಟರು ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಬೆರಳಿಟ್ಟರು. “ಇಲ್ಲಿ ನರ ಎಲುಬಿನ ಮೇಲೆಯೇ ಹೋಗ್ತದೆ. ನೀವು ದಿನಾ ಅದನ್ನು ಅಮುಕಿಕೊಂಡು ಕೂತದ್ದು. ಇನ್ನು ಹಾಗೆ ಕೂರಬೇಡಿ. ಬೇಗ ಬಂದಿದ್ದೀರಿ, ಸರಿಯಾಗಬಹುದು.”

“ಆಗಬಹುದಾ, ಆಗ್ತದಾ?”

“ನೋಡುವ,” ಎಂದರು.

ಕುರ್ಚಿಯ ವಿಷಯಕ್ಕೆ ಜಗಳವಾಗುತ್ತದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದೆ. ಅತ್ತೆ ಎಲ್ಲವನ್ನೂ ಕೇಳಿ, ತಟ್ಟೆಯನ್ನು ಬದಿಗಿಟ್ಟು, ತಮ್ಮ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದರು.

“ನನ್ನದೂ ಏಳುವುದಿಲ್ಲ. ವರ್ಷಗಳೇ ಆಯ್ತು. ಪ್ರಾಯದ್ದು ಅಂತ ಸುಮ್ಮನಿದ್ದೆ.”

ಇಷ್ಟು ವರ್ಷ ಮಗ್ಗುಲಲ್ಲೇ ಇದ್ದ ನಾನು ಅದನ್ನು ಕಂಡಿರಲಿಲ್ಲ. ಇಬ್ಬರೂ ಯಾವಾಗ ನೋಡಿದರೂ ಕೂತೇ ಇರುತ್ತಿದ್ದೆವು.

ಅವರನ್ನೂ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ತುಂಬಾ ತಡವಾಯಿತು ಎಂದರು ಡಾಕ್ಟರು. ಎಡವದಂತೆ ಪಾದಕ್ಕೊಂದು ಪಟ್ಟಿ ಕೊಟ್ಟರು, ಅಷ್ಟೆ. ಮರುದಿನ ಅತ್ತೆಯೇ ಚಾಪೆ ಸುತ್ತಿಟ್ಟು ಎರಡು ಕುರ್ಚಿ ಎಳೆಸಿದರು. ದೇವರ ಮಾತು ಎತ್ತಲಿಲ್ಲ. ಈಗ ನನಗೆ ಬೆನ್ನುನೋವು. ಈ ಕೆಲಸಕ್ಕೆ ಯಾವುದಾದರೊಂದು ಅಂಗ ಬಲಿಯಾಗಲೇಬೇಕೇನೋ, ಸಾಕಾಗಿಹೋಗಿದೆ.

ತಿಂಗಳುಗಳಾದ ಮೇಲೆ ಒಂದು ಮಧ್ಯಾಹ್ನ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುವಾಗ ನನ್ನ ಬಲಗಾಲಿನ ಹೆಬ್ಬೆರಳು ತುಸು ಮೇಲೆದ್ದಿತು. ಕೂಗಿಬಿಡಬೇಕೆನಿಸಿತು. ಎದುರಿಗೆ ಅತ್ತೆ ಇದ್ದರು, ಬಾಯಿ ಮುಚ್ಚಿಕೊಂಡೆ. ಅವರು ನೋಡಿಬಿಟ್ಟಿದ್ದರು. ಕುರ್ಚಿಯಿಂದ ಇಳಿದು ನೆಲಕ್ಕೆ ಕೂತು, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅಯ್ಯೋ, ನೀವು ನನ್ನ ಕಾಲು ಮುಟ್ಟುವುದಾ ಅತ್ತೆ!”

“ಸುಮ್ಮನಿರು ಮಾರಾಯ್ತಿ. ಇನ್ನೊಮ್ಮೆ ಎತ್ತು,” ಎಂದರು. “ನಾನು ನೋಡ್ತೇನೆ.”