ಪೂಜೆಗೆ ಕೂತ ಸ್ಟ್ಯಾಂಡುಗಳು

ಆಯುಧ ಪೂಜೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿಟ್ಟು ದೇವರ ಮೇಲಲ್ಲ, ನಮ್ಮಣ್ಣನ ಮೇಲೆ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಲ್ಲಿ ನಮ್ಮಿಬ್ಬರದೂ ಒಂದು ಗ್ಯಾರೇಜ್ ಇದೆ. ಹಳೇ ಜೀಪುಗಳನ್ನು ಬಿಚ್ಚಿ, ಎತ್ತರಿಸಿ, ದೊಡ್ಡ ಟೈರು, ಹೊಸ ಬಂಪರ್ ಹಾಕಿ ಗಿರಾಕಿ ಕೇಳಿದಂತೆ ಮಾಡಿಕೊಡುತ್ತೇವೆ. ಗಿರಾಕಿಯ ಜೊತೆ ಮಾತಾಡುವವನು ಅಣ್ಣ. ವೆಲ್ಡಿಂಗ್ ನನ್ನದು. ಗಾಡಿಯಡಿ ಮಲಗಿ ಬಿಚ್ಚುವುದು, ಕಟ್ಟುವುದು ಹರಪನಹಳ್ಳಿ ಕಡೆಯ ಫಿಟ್ಟರ್‌ನದು. ಹನ್ನೆರಡು ವರ್ಷದಿಂದ ನಮ್ಮಲ್ಲೇ ಇದ್ದ ಮನುಷ್ಯ. ನಟ್ಟು ಯಾವ ನಂಬರಿನದೆಂದು ಬಲಗೈ ಬೆರಳಲ್ಲಿ ಮುಟ್ಟಿದರೆ ಅವನಿಗೆ ತಿಳಿಯುತ್ತಿತ್ತು, ಸ್ಪ್ಯಾನರ್ ಹುಡುಕಾಡಿದ್ದನ್ನು ನಾನು ಕಂಡಿಲ್ಲ.

ಜಾಕಿ ಇರುವುದು ಗಾಡಿ ಎತ್ತುವುದಕ್ಕೆ, ಹಿಡಿದುಕೊಂಡು ನಿಲ್ಲುವುದಕ್ಕಲ್ಲ. ಅದಕ್ಕೇ ಲಾರಿಯ ಹಳೇ ಪೈಪು ಕತ್ತರಿಸಿ ನಾಲ್ಕು ಕಬ್ಬಿಣದ ಸ್ಟ್ಯಾಂಡು ನಾನೇ ಮಾಡಿದ್ದೆ. ಅವು ಚಾಸಿಯ ಕೆಳಗೆ ಕೂರದೆ ಯಾರೂ ಒಳಗೆ ಹೋಗಬಾರದು ಎಂಬುದು ನನ್ನ ಹಠ. ವೆಲ್ಡಿಂಗಿಗೆ ಮೊದಲು ಟ್ಯಾಂಕ್ ಇಳಿಸಿ ಎಂದರೂ, ಗ್ರೈಂಡರ್ ಹಿಡಿದಾಗ ಕನ್ನಡಕ ಹಾಕಿ ಎಂದರೂ ಅಣ್ಣನಿಗೆ ನಗು. ಗಿರಾಕಿಗಳ ಎದುರಿಗೇ ನನ್ನನ್ನು ಇನ್ಸ್‌ಪೆಕ್ಟರ್ ಸಾಹೇಬರೆಂದು ಆಡಿಕೊಳ್ಳುತ್ತಿದ್ದ.

ಆ ವರ್ಷ ಆಯುಧ ಪೂಜೆಯ ದಿನ ಮಧ್ಯಾಹ್ನದೊಳಗೆ ಗ್ಯಾರೇಜ್ ತೊಳೆದು, ಸಾಮಾನನ್ನೆಲ್ಲ ಗೋಡೆಗೆ ಸಾಲಾಗಿ ಜೋಡಿಸಿ, ಚೆಂಡುಹೂ ಇಟ್ಟು, ಕುಂಬಳಕಾಯಿ ಒಡೆದಿದ್ದೆವು. ನನ್ನ ನಾಲ್ಕು ಸ್ಟ್ಯಾಂಡುಗಳೂ ಮೂರು ಪಟ್ಟೆ ವಿಭೂತಿ ಬಳಿಸಿಕೊಂಡು ಸಾಲಿನಲ್ಲಿ ಕೂತಿದ್ದವು. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಕದಲಿಸುವಂತಿಲ್ಲ. ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು.

ಆಗ ಹಡಗಲಿಯ ಗಿರಾಕಿಯೊಬ್ಬ ಬಂದ. ನಾವೇ ಎತ್ತರಿಸಿಕೊಟ್ಟ ಜೀಪು, ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು, ಮರುದಿನದ ದಸರಾ ಮೆರವಣಿಗೆಗೆ ಅದು ಬೇಕೇ ಬೇಕು. ಅಣ್ಣ ಆಗಲಿ ಎಂದುಬಿಟ್ಟ. ಪೂಜೆಯ ದಿನ ಕೆಲಸ ಮಾಡುವಂತಿಲ್ಲ ಎಂಬುದೂ ಅಪ್ಪನ ಕಾಲದ್ದೇ, ಅದು ಮಾತ್ರ ಅವನಿಗೆ ಮರೆತಿತ್ತು. ಜಾಕಿ, ಸ್ಪ್ಯಾನರ್ ಗಿರಾಕಿಯ ಗಾಡಿಯಲ್ಲೇ ಇದ್ದವು. ಸ್ಟ್ಯಾಂಡಿನ ಬದಲು, ಕಾಂಪೌಂಡಿಗೆಂದು ತರಿಸಿದ್ದ ಟೊಳ್ಳು ಸಿಮೆಂಟ್ ಇಟ್ಟಿಗೆಗಳನ್ನು ಅಣ್ಣ ಒಂದರ ಮೇಲೊಂದು ಪೇರಿಸಿದ. ನಾನು ಸ್ಟ್ಯಾಂಡ್ ತೆಗೆಯಲು ಹೋದರೆ ಅಡ್ಡ ನಿಂತ.

"ಪೂಜಿ ಕದಲಿಸಬ್ಯಾಡ. ಹತ್ತು ನಿಮಿಷದ ಕೆಲಸ ಐತಿ, ಒಳಗ ಹೋಗು."

ನಾನು ಹೋಗುವುದಿಲ್ಲ ಎಂದೆ. ಬಾಯಿಗೆ ಬಂದಂತೆ ಬೈದೆ. ಅವನೂ ಬೈದ, ಪುಕ್ಕಲ ಎಂದ. ಸಿಟ್ಟಿನಲ್ಲಿ ಎದುರಿನ ಚಹಾದಂಗಡಿಗೆ ಹೋಗಿ ಬೆನ್ನು ತಿರುಗಿಸಿ ಕೂತೆ. ನಾನು ಹೋಗುವುದಿಲ್ಲ ಎಂದೆನೇ ಹೊರತು, ಪಕ್ಕದಲ್ಲೇ ನಿಂತಿದ್ದ ಫಿಟ್ಟರ್‌ಗೆ ನೀನೂ ಹೋಗಬೇಡ ಎನ್ನಲಿಲ್ಲ. ಮಾಲೀಕನ ಮಾತಿಗೆ ಅವನು ಇಲ್ಲವೆನ್ನುವವನಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಚಹಾ ಅರ್ಧ ಆಗಿರಲಿಲ್ಲ, ಇಟ್ಟಿಗೆ ಒಡೆದ ಸದ್ದು ಕೇಳಿತು. ಓಡಿ ಬಂದರೆ ಜೀಪು ಒಂದು ಕಡೆ ಕುಸಿದಿತ್ತು. ಚಕ್ರ ಬಿಚ್ಚಿದ್ದ ಮುಂದಿನ ಆಕ್ಸಲ್ ಕೆಳಗೆ ಫಿಟ್ಟರ್‌ನ ಬಲಗೈ ಸಿಕ್ಕಿಕೊಂಡಿತ್ತು. ದೀಪ, ತೆಂಗಿನಕಾಯಿ ಎಲ್ಲ ಕಾಲಿನಿಂದ ಸರಿಸಿ ಸ್ಟ್ಯಾಂಡು ಎತ್ತಿಕೊಂಡೆ. ಮತ್ತೆ ಜಾಕಿ ಕೊಟ್ಟು ಸ್ಟ್ಯಾಂಡು ಒಳಗೆ ನೂಕಿದ್ದೇ ತಡ, ಜಾಕಿ ಜಾರಿತು. ಜೀಪು ಸ್ಟ್ಯಾಂಡಿನ ಮೇಲೆ ಕೂತಿತು, ಅಲುಗಲಿಲ್ಲ. ಅವನ ಕೈ ಹೊರಗೆ ತೆಗೆದೆ.

ಚೆಲ್ಲಾಡಿದ ಹೂವು ನೋಡುತ್ತ ಅಣ್ಣ ನಿಂತಿದ್ದ.

"ಪೂಜಿ ಕಾಲಿಲೆ ಒದ್ದೀಯಲ್ಲಲೇ" ಎಂದ.

ಅವತ್ತು ಅವನನ್ನು ಹೊಡೆಯದೆ ಬಿಟ್ಟದ್ದು, ನನ್ನ ಎರಡೂ ಕೈ ಫಿಟ್ಟರ್‌ನ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಿದ್ದವು ಎಂಬ ಒಂದೇ ಕಾರಣಕ್ಕೆ.

ಫಿಟ್ಟರ್‌ನ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಹೋದವು. ಮರುದಿನ ಸಂಜೆ ಅಣ್ಣ ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು ಬನ್ನಿ ಎಲೆ ಹಿಡಿದುಕೊಂಡು ಆಸ್ಪತ್ರೆಯ ವಾರ್ಡಿಗೆ ಬಂದ. ಬನ್ನಿ ಕೊಟ್ಟು ತಗೊಂಡರೆ ಹಳೇ ಜಗಳ ಮರೆಯಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನಾನು ಕೈ ಚಾಚಲಿಲ್ಲ. ಮಂಚದಲ್ಲಿದ್ದ ಫಿಟ್ಟರ್ ಎಡಗೈ ಚಾಚಿದ.

"ಎಡಗೈಲೆ ಬನ್ನಿ ತಗೋಬಾರದಪಾ, ಬಲಗೈ ಚಾಚು" ಎಂದ ಅಣ್ಣ.

ಹಾಗಂದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಫಿಟ್ಟರ್ ಮಾತ್ರ ತನ್ನದೇ ತಪ್ಪೆಂಬಂತೆ ಎಡಗೈ ಹಿಂದಕ್ಕೆ ತಗೊಂಡು, ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ನೋವಿನಲ್ಲೇ ಎತ್ತಿ ಹಿಡಿದ. ಬನ್ನಿ ಎಲೆ ಅದರ ಮೇಲೆ ನಿಲ್ಲದೆ ಹಾಸಿಗೆಗೆ ಬಿತ್ತು.

ಈಗ ಸ್ಟ್ಯಾಂಡುಗಳನ್ನು ಪೂಜೆಗೆ ಇಡಲು ನಾನು ಬಿಡುವುದಿಲ್ಲ. ಫಿಟ್ಟರ್ ಇನ್ನೂ ನಮ್ಮಲ್ಲೇ ಇದ್ದಾನೆ, ಎಡಗೈಯಲ್ಲಿ ಸ್ಪ್ಯಾನರ್ ಹುಡುಕಾಡುತ್ತಾನೆ. ಪ್ರತಿ ದಸರಾಕ್ಕೆ ಅಣ್ಣ ನನ್ನ ಮುಂದೆ ಬನ್ನಿ ಹಿಡಿಯುತ್ತಾನೆ, ನಾನು ತಗೊಳ್ಳುವುದಿಲ್ಲ. ಆಮೇಲೆ ಫಿಟ್ಟರ್ ಎಡಗೈಯಲ್ಲಿ ಬನ್ನಿ ಹಿಡಿದು ಬರುತ್ತಾನೆ. ಚಹಾದಂಗಡಿಯಲ್ಲಿ ಬೆನ್ನು ತಿರುಗಿಸಿ ಕೂತವನು ನಾನೇ ಎಂಬುದು ಅವನಿಗೆ ಗೊತ್ತು. ಆದರೂ ನನಗೂ ಕೊಡುತ್ತಾನೆ.