ಗಾದ್ರಮ್ಮನ ಹೆಪ್ಪು

ಜಗಳೂರಿನ ಗಾದ್ರಮ್ಮ ಯಾರು ಎದುರಾದರೂ ಊಟವಾಯಿತೇ ಎಂದು ಕೇಳುವುದಿಲ್ಲ, ‘ಹೊಟ್ಟೆ ಹೆಂಗೈತೆ?’ ಎನ್ನುತ್ತಾಳೆ, ಉತ್ತರ ಬರುವಷ್ಟರಲ್ಲಿ ಮಜ್ಜಿಗೆಯ ಚೊಂಬು ಅವರ ಕೈಯಲ್ಲಿರುತ್ತದೆ. ಕಡಗೋಲು ಅಟ್ಟಕ್ಕೇರಿದ ಮನೆಗಳಿಗೂ ಹಾಲಿಗೆ ಹಾಕುವ ಹೆಪ್ಪು ಅವಳ ಗಡಿಗೆಯದೇ. ಪ್ರೋಬಯಾಟಿಕ್ ಮೊಸರಿನ ಡಬ್ಬಿ ತಂದ ಸೊಸೆ ವಿಜಯಶ್ರೀ, ‘ಅತ್ತೆ, ಇದ್ರಾಗೆ ಕರುಳಿನ ಉರಿಯೂತಕ್ಕೆ ಒಳ್ಳೇ ಜೀವಾಣು ಅದಾವಂತೆ ನೋಡ್ರಿ’ ಎಂದರೆ, ‘ಹಂಗಾರೆ ನನ್ನ ಗಡಿಗ್ಯಾಗಿರೋವೇನು ಮಲ್ಕಂಡಾವಾ?’ ಎಂದು ನಗುತ್ತಾಳೆ. ಹೊನ್ನಾಳಿಯ ಮಗಳ ಮನೆಗೆ ಹೋದರೂ ಸಂಜೆಗೆ ವಾಪಸು, ಹೆಪ್ಪು ಹಾಕುವ ಹೊತ್ತು ತಪ್ಪಬಾರದು. ಮೂವತ್ತು ವರ್ಷದ ಹಿಂದೆ, ಕರುಳಿನ ಉರಿ ತಾಳಲಾರದ ಗಂಡ ‘ಒಂದು ಗುಟುಕು ಮಜ್ಜಿಗೆ ಕೊಡೇ’ ಎಂದು ಕೊನೆಯ ಸಲ ಕೇಳಿದಾಗ, ಡಾಕ್ಟರು ಬೇಡವೆಂದಿದ್ದಾರೆಂದು ಅವಳು ಗಡಿಗೆಗೆ ಮುಚ್ಚಳ ಹಾಕಿದ್ದಳು. ಅಂದು ಅದರಲ್ಲೇ ಉಳಿದ ಮೊಸರಿನ ಹೆಪ್ಪನ್ನು ಇವತ್ತಿನವರೆಗೂ ಸಾಯಲು ಬಿಟ್ಟಿಲ್ಲ.